ಟೊಕರೆವ್ ತೋಟೆಗೆ ಹೆದರಬೇಕಾ? ಹಳೆ ಪಿಸ್ತೂಲ್ ಕೊಂಡ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಈಗ ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಮನೆಯಲ್ಲಿ ಅಪ್ಪನ ಲೈಸೆನ್ಸಿನ ಜೋಡಿ ನಳಿಗೆ ಕೋವಿ ನೋಡುತ್ತಾ ಬೆಳೆದವನು. ಈಚೆಗೆ ಯುಗೊಸ್ಲಾವಿಯಾ ಕಾಲದ ಝಾಸ್ತವಾ ಎಂ57 ಪಿಸ್ತೂಲ್ ಕೊಂಡೆ. ತೋಟೆ 7.62×25 ಟೊಕರೆವ್. ಜೊತೆಗೆ 1950ರ ದಶಕದ ತೋಟೆಗಳ ಒಂದು ಸೀಲ್ ಮಾಡಿದ ತಗಡಿನ ಡಬ್ಬಿಯೂ ಸಿಕ್ಕಿತು. ಕೊಂಡ ಮೇಲೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಈ ತೋಟೆ ಗನ್ನನ್ನೇ ಒಡೆಯುವಷ್ಟು ಜೋರು ಎನ್ನುತ್ತಾನೆ ಒಬ್ಬ ಗೆಳೆಯ. ಅವನ ಹತ್ತಿರ ಝೆಕ್ ಸಿಝಡ್ 52 ಇದೆ. 'ನನ್ನದು ಗಟ್ಟಿ, ಜೋರಿನ ತೋಟೆ ಇದ್ದರೆ ನನಗೇ ಕೊಡು' ಅಂತಾನೆ. ಇನ್ನೊಬ್ಬರು ಹಳೆ ತೋಟೆ ಹೊಡೆದರೆ ಒಂದೇ ರಾತ್ರಿಗೆ ನಳಿಗೆ ತುಕ್ಕು ಹಿಡಿಯುತ್ತೆ ಅಂದರು. ಹತ್ತಿರದ ಒಳಾಂಗಣ ಶೂಟಿಂಗ್ ರೇಂಜ್‌ನವರು ಅಯಸ್ಕಾಂತ ಹಿಡಿದು ನೋಡಿ ವಾಪಸ್ ಕಳಿಸಿದರು. ಊರಿಂದ ಚಿಕ್ಕಪ್ಪ 'ಅದು ಕ್ರಾಂತಿಕಾರಿಗಳ ಮೌಸರ್ ತೋಟೆಯೇ ಕಣೋ' ಎಂದರು, ಹೌದಾ? ಹೆಂಡತಿಗೆ ಸದ್ದಿನದೇ ಭಯ. ಇದನ್ನು ಮನೆ ರಕ್ಷಣೆಗೆ ಇಟ್ಟುಕೊಳ್ಳಬಹುದಾ? ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೇವೆ. ಅದಕ್ಕೂ ಮೊದಲು, ಎಚ್-1ಬಿ ವೀಸಾದಲ್ಲಿ ಬಂದಿರುವ ಭಾವಮೈದುನನನ್ನು ಒಂದು ಸಲ ರೇಂಜ್‌ಗೆ ಕರೆದೊಯ್ಯಬೇಕು ಅಂತಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಆದರೆ ಒಳಗಿನ ಭಯ ಒಂದೇ: 'ಕೈಯಲ್ಲೇ ಒಡೆಯುವಂಥ ಏನನ್ನೋ ಕೊಂಡುಬಿಟ್ಟೆನಾ?' ಇಲ್ಲ. ನಿಮ್ಮ ಪಿಸ್ತೂಲ್ ಈ ತೋಟೆಗೆಂದೇ ಮಾಡಿದ್ದು, ಒಳ್ಳೆಯ ಗಟ್ಟಿ ಮಾಲು. ಹಳೆ ಗನ್ ರಿಪೇರಿಯೇ ನನ್ನ ಕೆಲಸ. ಬೆಂಚಿಗೆ ಬರುವ ಟೊಕರೆವ್ ಜಾತಿಯ ಪಿಸ್ತೂಲುಗಳಲ್ಲಿ ತೋಟೆಯ ಜೋರಿಗೆ ಕೆಟ್ಟವು ಕಡಿಮೆ. ತೊಳೆಯದೆ ಇಟ್ಟು ಕೆಟ್ಟವು ಜಾಸ್ತಿ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ರೇಂಜ್ ಕಟ್ಟೆಯ ಹರಟೆ. ನಿಜವಾಗಿ ಎಚ್ಚರ ಬೇಕಾದ ಎರಡು ವಿಷಯಗಳನ್ನು ಮಾತ್ರ ಯಾರೂ ನಿಮಗೆ ಹೇಳಿದಂತಿಲ್ಲ. ಅವು ಕೊನೆಗೆ ಬರುತ್ತವೆ.

ಮೊದಲು ತೋಟೆಯನ್ನು ಕೈಯಲ್ಲಿ ಹಿಡಿದು ನೋಡಿ. 9 ಎಂಎಂ ತೋಟೆಯ ಕೇಸು (ಮದ್ದು ತುಂಬಿದ ಲೋಹದ ಕೊಳವೆ) ಹೆಚ್ಚುಕಡಿಮೆ ನೇರ. ಇದರದ್ದು ಬುಡದಲ್ಲಿ ಸುಮಾರು ಅಷ್ಟೇ ದಪ್ಪ, ಉದ್ದ 25 ಮಿಲಿಮೀಟರ್, ಮೇಲೆ ಭುಜ ಕಟ್ಟಿ ಕತ್ತು ಸಣ್ಣಗಾಗುತ್ತದೆ. ಆ ಕತ್ತಿನಲ್ಲಿ ಕೂತ ಗುಂಡು ಬರೀ 5.5 ಗ್ರಾಂ. ಮದ್ದಿಗೆ ಜಾಗ ಜಾಸ್ತಿ, ತಳ್ಳಬೇಕಾದ ಭಾರ ಕಡಿಮೆ. ಹಾಗಾಗಿ ವೇಗ ಬರುತ್ತದೆ. ಹಳೆಯ ಸೋವಿಯತ್ ತೋಟೆ ಟಿಟಿ ಪಿಸ್ತೂಲಿನಿಂದ (ಸೋವಿಯತ್ ಸೇನೆಯ ಟೊಕರೆವ್ ಪಿಸ್ತೂಲ್) ಸೆಕೆಂಡಿಗೆ 420 ಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ಈಗಿನ ಕೆಲವು ಹೊಸ ತೋಟೆಗಳ ಪೆಟ್ಟಿಗೆ ಮೇಲೆ 500ರ ಆಸುಪಾಸಿನ ಅಂಕಿ ಅಚ್ಚಾಗಿರುತ್ತದೆ. ಪಿಸ್ತೂಲಿಗೆ ಇದು ದೊಡ್ಡ ವೇಗವೇ.

ಆದರೆ ವೇಗ ಬೇರೆ, ಕೈಗೆ ಬೀಳುವ ಒದೆತ ಬೇರೆ. ಒಂದು ಸಣ್ಣ ಲೆಕ್ಕ ಮಾಡೋಣ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ. 5.5 ಗ್ರಾಂ, 450 ಮೀಟರ್: 2,475. ಸಾಮಾನ್ಯ 9 ಎಂಎಂ ಗುಂಡು 7.5 ಗ್ರಾಂ, 360 ಮೀಟರ್: 2,700. ಇನ್ನು .45ರ ಗುಂಡು 15 ಗ್ರಾಂ, 255 ಮೀಟರ್: 3,825. ನೋಡಿ, ಜೋರು ಜೋರು ಅಂತ ಹೆಸರು ಹೊತ್ತಿದ್ದು ಮೂರರಲ್ಲಿ ಕೊನೆಗೆ ನಿಂತಿತು. ಮದ್ದಿನ ಅನಿಲದ ತಳ್ಳುವಿಕೆಯನ್ನೂ ಸೇರಿಸಿದರೆ 9 ಎಂಎಂ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಮೇಲಾಗಿ ನಿಮ್ಮ ಎಂ57 ಪೂರ್ತಿ ಉಕ್ಕಿನದು, ತೂಕ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಅಪ್ಪನ 12 ಬೋರ್ ಕೋವಿಯ ಒದೆತ ಭುಜಕ್ಕೆ ನೆನಪಿರುವವರಿಗೆ ಇದೊಂದು ಒದೆತವೇ ಅಲ್ಲ.

ಹಾಗಾದರೆ ಎಲ್ಲರೂ ಯಾಕೆ ಹೆದರುತ್ತಾರೆ? ಸದ್ದು ಮತ್ತು ಬೆಂಕಿ. ಗುಂಡು ಶಬ್ದದ ವೇಗವನ್ನು ತುಂಬಾ ಹಿಂದೆ ಹಾಕಿ ಹೋಗುವುದರಿಂದ 'ಢಂ' ಅನ್ನುವುದಿಲ್ಲ, 'ಚಟ್' ಎಂದು ಸೀಳಿದ ಹಾಗೆ ಕೇಳುತ್ತದೆ. ಮಂದ ಬೆಳಕಿನ ಒಳಾಂಗಣ ರೇಂಜ್‌ನಲ್ಲಿ ನಳಿಗೆಯ ಬಾಯಲ್ಲಿ ಕಿತ್ತಳೆ ಬಣ್ಣದ ಉಂಡೆ ಕಾಣುತ್ತದೆ. ಪಕ್ಕದ ಸಾಲಿನವರು ತಿರುಗಿ ನೋಡುತ್ತಾರೆ. ಇಷ್ಟಾದರೆ ಸಾಕು, 'ಏನು ಪವರ್ ಮಾರಾಯ!' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ನಿಮ್ಮ ಮನೆಯವರನ್ನು ಮೊದಲ ಸಲ ಬಯಲಿನ ರೇಂಜ್‌ಗೆ ಕರೆದೊಯ್ಯಿರಿ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಇರಲಿ. ಮ್ಯಾಗಜಿನ್‌ಗೆ ಎರಡೇ ತೋಟೆ ಹಾಕಿಕೊಡಿ. ಬೆಚ್ಚಿಬೀಳುವುದು ಸದ್ದಿಗೇ ಹೊರತು ಒದೆತಕ್ಕಲ್ಲ ಅಂತ ಅವರಿಗೇ ತಿಳಿಯುತ್ತದೆ. ಕನ್ನಡಕ ಮರೆಯಬೇಡಿ. ಖಾಲಿ ಕೇಸು ದೂರಕ್ಕೆ ಚಿಮ್ಮುತ್ತದೆ, ಪಕ್ಕದವರ ಕಾಲರ್ ಒಳಗೂ ಬೀಳುತ್ತದೆ.

ಈ ಸೀಸೆ ಕತ್ತಿನ ಆಕಾರಕ್ಕೆ ಇನ್ನೊಂದು ಗುಣ ಇದೆ, ಅದನ್ನು ಹೊಗಳುವವರು ಕಡಿಮೆ. ಸಣ್ಣ ಮೂತಿ ದೊಡ್ಡ ಚೇಂಬರಿನೊಳಗೆ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ನುಗ್ಗುವುದರಿಂದ ತೋಟೆ ಸಿಕ್ಕಿಕೊಳ್ಳುವುದು ಅಪರೂಪ. ಟೊಕರೆವ್ ವಿನ್ಯಾಸದಲ್ಲಿ ತೋಟೆಗೆ ದಾರಿ ತೋರಿಸುವ ತುಟಿಗಳು ಮ್ಯಾಗಜಿನ್‌ನಲ್ಲಿ ಮಾತ್ರವಲ್ಲ, ಹ್ಯಾಮರ್ (ತೋಟೆ ಹೊತ್ತಿಸಲು ಬಡಿಯುವ ಸುತ್ತಿಗೆ) ಜೋಡಣೆಯ ಉಕ್ಕಿನಲ್ಲೂ ಇವೆ. ಮ್ಯಾಗಜಿನ್ ತುಟಿ ಸ್ವಲ್ಪ ಬಾಗಿದರೂ ಪಿಸ್ತೂಲ್ ಓಡುತ್ತದೆ. ಕೆಸರಲ್ಲಿ ಬಿದ್ದೆದ್ದ ಸೈನಿಕರಿಗಾಗಿ ಮಾಡಿದ ಗನ್ನು ಅದು, ಯೋಚನೆ ಹಾಗೇ ಇತ್ತು.

ಈಗ ಚಿಕ್ಕಪ್ಪನ ಮಾತು. ಅವರದ್ದು ಮುಕ್ಕಾಲು ಪಾಲು ಸರಿ. ಜರ್ಮನಿಯ ಮೌಸರ್ ಸಿ96 ಪಿಸ್ತೂಲಿನ 7.63×25 ತೋಟೆಯನ್ನೇ ಸೋವಿಯತ್ ಒಕ್ಕೂಟದವರು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡರು. ಫ್ಯೋದರ್ ಟೊಕರೆವ್ 1930ರಲ್ಲಿ ಅದಕ್ಕೊಂದು ಪಿಸ್ತೂಲ್ ಕೊಟ್ಟರು, ಸುಧಾರಿಸಿದ ರೂಪವೇ ಟಿಟಿ-33. ನಿಮ್ಮ ಎಂ57 ಅದರ ಯುಗೊಸ್ಲಾವ್ ತಮ್ಮ. ಹಿಡಿ ಸ್ವಲ್ಪ ಉದ್ದ, ಎಂಟರ ಬದಲು ಒಂಬತ್ತು ತೋಟೆ. ಇನ್ನು ಕ್ರಾಂತಿಕಾರಿಗಳ ವಿಷಯವೂ ನಿಜವೇ. 1914ರ ಆಗಸ್ಟ್ 26ರಂದು ಕಲ್ಕತ್ತಾದ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಗೆ ಬಂದಿದ್ದ ಸರಕಿನಲ್ಲಿ 50 ಮೌಸರ್ ಪಿಸ್ತೂಲು, 46,000 ತೋಟೆ ಹಾಡಹಗಲೇ ಮಾಯವಾದವು. ಮರುವರ್ಷ ಒಡಿಶಾದ ಬಾಲಸೋರ್‌ನಲ್ಲಿ ಬಂಗಾಳದ ಕ್ರಾಂತಿಕಾರಿ ಬಾಘಾ ಜತಿನ್ ಮತ್ತು ಸಂಗಡಿಗರು ಪೊಲೀಸರನ್ನು ಎದುರಿಸಿದ್ದು ಮೌಸರ್ ಹಿಡಿದೇ. 1925ರ ಕಾಕೋರಿ ರೈಲು ದರೋಡೆಯಲ್ಲೂ ಮೌಸರ್ ಇತ್ತು.

ಆದರೆ ಉಳಿದ ಕಾಲು ಪಾಲಿನಲ್ಲೇ ಅಪಾಯ ಇರುವುದು. ಅಳತೆ ಒಂದೇ ಆದ ಮಾತ್ರಕ್ಕೆ ಒತ್ತಡ ಒಂದೇ ಅಲ್ಲ. ಟೊಕರೆವ್ ತೋಟೆಯನ್ನು ಸಾಮಾನ್ಯವಾಗಿ ಮೌಸರ್ ತೋಟೆಗಿಂತ ಜೋರಾಗಿ ತುಂಬುತ್ತಾರೆ. ಸಿ96ಗಳ ತಯಾರಿಕೆ 1930ರ ದಶಕದಲ್ಲೇ ನಿಂತಿತು. ಇವತ್ತು ಸಿಗುವ ಪ್ರತಿಯೊಂದೂ ಅಜ್ಜನ ವಯಸ್ಸಿನದು. ಒಳಗೆ ಹೊಂದಿ ಕೂರುತ್ತದೆ ಅಂತ ಅದರಲ್ಲಿ ಟೊಕರೆವ್ ತೋಟೆ ಹಾಕಿದರೆ ಬೋಲ್ಟನ್ನು (ತೋಟೆಯ ಹಿಂದೆ ಹಿಂದೆ-ಮುಂದೆ ಓಡುವ ಉಕ್ಕಿನ ಭಾಗ) ತಡೆದು ನಿಲ್ಲಿಸುವ ತುಂಡಿನ ಮೇಲೆ ಹೊಡೆತ ಬೀಳುತ್ತದೆ. ಅದು ಮುರಿದರೆ ಬೋಲ್ಟ್ ಹಿಂದಕ್ಕೆ, ಹೊಡೆದವರ ಮುಖದ ಕಡೆಗೇ ಬರುತ್ತದೆ. ರೇಂಜ್‌ನಲ್ಲಿ ಯಾರಾದರೂ ಹಳೆಯ ಮೌಸರ್ ತಂದು 'ನಾಲ್ಕು ತೋಟೆ ಕೊಡಿ' ಎಂದರೆ ನಗುತ್ತಲೇ ಇಲ್ಲ ಅನ್ನಿ.

ಇನ್ನು ನಿಮ್ಮ ಗೆಳೆಯನ ಸಿಝಡ್ 52. ಈ ತೋಟೆಯ ಸುತ್ತ ಹಬ್ಬಿದ ಸುಳ್ಳುಗಳಲ್ಲಿ ದೊಡ್ಡದು ಇದೇ ಆಗಿರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕತೆ ಹೀಗಿದೆ: ಝೆಕೊಸ್ಲೊವಾಕಿಯಾದವರು ತಮ್ಮ ತೋಟೆಯನ್ನು ಬಹಳ ಜೋರಾಗಿ ತುಂಬುತ್ತಿದ್ದರು. ಅದನ್ನು ತಡೆದುಕೊಳ್ಳಲೆಂದೇ ರೋಲರ್ ಬೀಗದ (ಹೊಡೆಯುವ ಕ್ಷಣದಲ್ಲಿ ನಳಿಗೆಯನ್ನೂ ಮೇಲಿನ ಜಾರುವ ಭಾಗವನ್ನೂ ಉಕ್ಕಿನ ಉರುಳೆಗಳು ಕಚ್ಚಿ ಹಿಡಿಯುವ) ಸಿಝಡ್ 52 ಮಾಡಿದರು. ಆದ್ದರಿಂದ ಅದು ಟಿಟಿಗಿಂತ ಗಟ್ಟಿ, ಅದಕ್ಕೆ ಏನು ಹಾಕಿದರೂ ನಡೆಯುತ್ತೆ. ಕೇಳಲು ಸರಿಯಾಗಿಯೇ ಇದೆ. ಪಿಸ್ತೂಲೂ ನೋಡಲು ದಪ್ಪ, ಭಾರ, ಮೂಲೆ ಮೂಲೆಯಾಗಿದೆ. ಝೆಕ್ ತೋಟೆ ಜೋರು ಎಂಬುದು ಸುಳ್ಳಲ್ಲ. ಅವರ ಸಬ್‌ಮಷಿನ್ ಗನ್ನುಗಳೂ ಅದನ್ನೇ ಬಳಸುತ್ತಿದ್ದವು. ಆದರೆ 'ಆದ್ದರಿಂದ ಗಟ್ಟಿ' ಅನ್ನುವ ಹೆಜ್ಜೆ ತಪ್ಪು.

ಸಿಝಡ್ 52ರ ನಳಿಗೆಯನ್ನು ಬಿಚ್ಚಿ ಬೆಂಚಿನ ಮೇಲೆ ಮಗುಚಿ ಇಡಿ. ಚೇಂಬರಿನ ಬಳಿ ಎರಡು ರೋಲರ್‌ಗಳು ಕೂರಲು, ಅವನ್ನು ಹಿಡಿದಿಡುವ ತುಂಡು ಓಡಾಡಲು ಉಕ್ಕನ್ನು ಕೊರೆದಿದ್ದಾರೆ. ಕೊರೆದ ಕಡೆ ಗೋಡೆ ತೆಳ್ಳಗಿದೆ. ಪಕ್ಕದಲ್ಲಿ ನಿಮ್ಮ ಎಂ57 ನಳಿಗೆ ಇಡಿ. ಚೇಂಬರಿನ ಸುತ್ತ ಉಕ್ಕು ದಪ್ಪಗೆ, ಇಡಿಯಾಗಿ ಇದೆ. ರೋಲರ್ ಬೀಗ ಗಟ್ಟಿಯೇ ಇರಬಹುದು. ಆದರೆ ಒತ್ತಡ ಮೀರಿದಾಗ ಸೀಳುವುದು ಬೀಗವಲ್ಲ, ಚೇಂಬರಿನ ಗೋಡೆ. ಕೆಳಗಡೆ ಬಿರುಕು ಬಿಟ್ಟ ಸಿಝಡ್ 52 ನಳಿಗೆಗಳು ಇರುವುದು ಇದೇ ಕಾರಣಕ್ಕೆ. ಎರಡರಲ್ಲಿ ಗಟ್ಟಿ ಯಾವುದು ಎಂದರೆ ನಾನು ನಿಮ್ಮದನ್ನೇ ತೋರಿಸುತ್ತೇನೆ. ತಾವೇ ತೋಟೆ ತುಂಬಿಕೊಳ್ಳುವ ಹವ್ಯಾಸಿಗಳಲ್ಲಿ ಸಿಝಡ್ 52ಕ್ಕೆ ಅಂತಲೇ ಜಾಸ್ತಿ ಮದ್ದಿನ ಲೆಕ್ಕ ಈಗಲೂ ಓಡಾಡುತ್ತಿದೆ. ಅದನ್ನು ಮುಟ್ಟಲೇಬೇಡಿ.

ನಿಮ್ಮ ಗೆಳೆಯನಿಗೆ ಇನ್ನೆರಡು ಮಾತು ತಲುಪಿಸಿ, ಇವು ಒತ್ತಡಕ್ಕಿಂತ ಮುಖ್ಯ. ಒಂದು, ಸಿಝಡ್ 52ರ ಮೂಲ ಫೈರಿಂಗ್ ಪಿನ್ (ತೋಟೆಯ ಬುಡಕ್ಕೆ ಚುಚ್ಚಿ ಹೊತ್ತಿಸುವ ಮೊಳೆ) ಪೆಡಸಾದ ಲೋಹದ್ದು. ಖಾಲಿ ಪಿಸ್ತೂಲಿನಲ್ಲಿ ಸುಮ್ನೆ ಟಕ್ ಟಕ್ ಎಂದು ಟ್ರಿಗರ್ ಎಳೆದು ಆಡಿದರೆ ಮುರಿಯುತ್ತದೆ. ಗಟ್ಟಿ ಉಕ್ಕಿನ ಬದಲಿ ಪಿನ್ ಸಿಗುತ್ತದೆ, ಹಾಕಿಸಲಿ. ಎರಡು, ಅದರ ಡಿಕಾಕರ್. ಎತ್ತಿದ ಹ್ಯಾಮರನ್ನು ಸುರಕ್ಷಿತವಾಗಿ ಇಳಿಸಬೇಕಾದ ಆ ಸನ್ನೆ, ಒಳಗಿನ ಭಾಗ ಸವೆದಿದ್ದರೆ ಗುಂಡನ್ನೇ ಹಾರಿಸುತ್ತದೆ. ಚೇಂಬರಿನಲ್ಲಿ ತೋಟೆ ಇರುವಾಗ ಅದನ್ನು ಯಾವತ್ತೂ ಬಳಸಬಾರದು. ಹೀಗೆ ಆಗಿ ಬೆಂಚಿಗೆ ಬಂದ ಪಿಸ್ತೂಲನ್ನು ನಾನು ನೋಡಿದ್ದೇನೆ. ನಳಿಗೆ ನೆಲದ ಕಡೆ ಇತ್ತು, ಕಾಂಕ್ರೀಟು ಕಿತ್ತಿತ್ತು, ಅಷ್ಟಕ್ಕೇ ಮುಗಿದಿತ್ತು.

ಈಗ ನಿಮ್ಮ ತಗಡಿನ ಡಬ್ಬಿ. ಇಲ್ಲಿ ನಿಮ್ಮ ಇನ್ನೊಬ್ಬ ಗೆಳೆಯರು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ. ಆ ಕಾಲದ ಪೂರ್ವ ಯುರೋಪಿನ ಸೇನೆಗಳ ತೋಟೆಯ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಕೊಡುವ ಬುಡದ ಸಣ್ಣ ಬಿಲ್ಲೆ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ದಶಕಗಟ್ಟಲೆ ಗೋದಾಮಿನಲ್ಲಿ ಕೂತರೂ ಕೆಡದೆ ಹೊತ್ತಿಕೊಳ್ಳುತ್ತದೆ ಅನ್ನುವುದೇ ಅದನ್ನು ಬಳಸಿದ ಕಾರಣ. ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಂದರೆ ಒಂದು ಬಗೆಯ ಉಪ್ಪು. ಮಲೆನಾಡಿನ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ತಾನಾಗೇ ಒದ್ದೆಯಾಗುವುದನ್ನು ನೋಡಿದ್ದೀರಲ್ವಾ? ನಳಿಗೆಯೊಳಗೆ ಆಗುವುದೂ ಅದೇ. ಗಾಳಿಯ ತೇವ ಎಳೆದುಕೊಂಡು ಆ ಉಪ್ಪು ಉಕ್ಕನ್ನು ತಿನ್ನುತ್ತದೆ. ಒಣ ಹವೆಯ ಅರಿಝೋನಾದಲ್ಲಿ ಎರಡು ದಿನ ಸುಮ್ಮನಿರಬಹುದು. ಹ್ಯೂಸ್ಟನ್‌ನಂಥ ಕಡೆ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಕಂದು ಬಣ್ಣ ಬಂದಿರುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಅಂಗಡಿಯಿಂದ ದುಬಾರಿ ಗನ್ ಸಾಲ್ವೆಂಟ್ ತಂದು ಉಜ್ಜುತ್ತಾರೆ. ಮಸಿ ಹೋಗುತ್ತದೆ, ನಳಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಉಪ್ಪು ಮಾತ್ರ ಅಲ್ಲೇ ಇರುತ್ತದೆ. ಎಣ್ಣೆ ಜಾತಿಯ ದ್ರವದಲ್ಲಿ ಉಪ್ಪು ಕರಗುವುದಿಲ್ಲ. ನೀರಲ್ಲಿ ಕರಗುತ್ತದೆ. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರವ ಹಾಕಿದರೆ ಉಪ್ಪು 'ಸಾಯುತ್ತದೆ' ಎನ್ನುವವರಿದ್ದಾರೆ. ಅದರಲ್ಲಿ ಕೆಲಸ ಮಾಡುವುದು ಅಮೋನಿಯಾ ಅಲ್ಲ, ನೀರು. ನಲ್ಲಿ ನೀರು ಪುಕ್ಕಟೆ ಸಿಗುವಾಗ ಅದ್ಯಾಕೆ?

ನಾನು ಮಾಡುವ ಕ್ರಮ ಇದು. ಮ್ಯಾಗಜಿನ್ ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಬಲಗಡೆ ಫ್ರೇಮಿನ ಮೇಲೆ ಒಂದು ಸ್ಪ್ರಿಂಗ್ ಕ್ಲಿಪ್ ಇದೆ. ಖಾಲಿ ಮ್ಯಾಗಜಿನ್ನಿನ ಮೂಲೆಯಿಂದ ಅದನ್ನು ಹಿಂದಕ್ಕೆ ತಳ್ಳಿ. ಎಡಗಡೆಯ ಸ್ಲೈಡ್ ಸ್ಟಾಪ್ ಹೊರಗೆ ಬರುತ್ತದೆ, ಸ್ಲೈಡ್ ಮುಂದಕ್ಕೆ ಜಾರುತ್ತದೆ. ಸ್ಪ್ರಿಂಗ್ ಹಿಡಿದುಕೊಂಡೇ ಬಿಚ್ಚಿ, ಇಲ್ಲದಿದ್ದರೆ ಸೋಫಾ ಕೆಳಗೆ ಹುಡುಕಬೇಕಾಗುತ್ತದೆ. ಕೆಟಲ್‌ನ ಬಿಸಿ ನೀರನ್ನು ಸಣ್ಣ ಆಲಿಕೆಯಲ್ಲಿ ನಳಿಗೆಯ ಚೇಂಬರ್ ಕಡೆಯಿಂದ ಸುರಿಯಿರಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ನಳಿಗೆ ಕಾಯುತ್ತದೆ. ಕಾದರೆ ಒಳ್ಳೆಯದು, ತಾನೇ ಬೇಗ ಒಣಗುತ್ತದೆ. ನಳಿಗೆ ಒಂದನ್ನೇ ತೊಳೆದು ಎದ್ದು ಹೋಗಬೇಡಿ. ಮೂತಿಯ ಬುಶಿಂಗ್, ರಿಕಾಯ್ಲ್ ಸ್ಪ್ರಿಂಗ್ (ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗ್), ಸ್ಲೈಡಿನ ಒಳಮೈ, ಫೈರಿಂಗ್ ಪಿನ್ ಹೊರಬರುವ ಸಣ್ಣ ತೂತಿನ ಸುತ್ತಲಿನ ಮುಖ, ಹೊಗೆ ತಾಗುವ ಕಡೆಯೆಲ್ಲ ಉಪ್ಪು ಕೂತಿರುತ್ತದೆ. ಆಮೇಲೆ ಒಣ ಬಟ್ಟೆ, ಆಮೇಲೆ ಮಾಮೂಲಿ ಸಾಲ್ವೆಂಟ್, ಕೊನೆಗೆ ತೆಳ್ಳಗೆ ಎಣ್ಣೆ. ಮಾರನೇ ದಿನ ಒಂದು ಬಿಳಿ ಬಟ್ಟೆ ತುಂಡು ನಳಿಗೆಯಲ್ಲಿ ಹಾಯಿಸಿ. ಬಿಳಿಯಾಗೇ ಬಂದರೆ ಕೆಲಸ ಮುಗಿಯಿತು. ಕಂದು ಬಂದರೆ ಮತ್ತೊಮ್ಮೆ ನೀರು. ಇದನ್ನೆಲ್ಲ ರೇಂಜ್‌ಗೆ ಹೋದ ದಿನವೇ ಮಾಡಬೇಕು, 'ಭಾನುವಾರ ನೋಡೋಣ' ಅನ್ನುವ ಹಾಗಿಲ್ಲ. ಅಷ್ಟು ಪುರುಸೊತ್ತು ಇಲ್ಲ ಎಂದರೆ ಹಳೆ ತೋಟೆ ಹೊಡೆಯಲೇಬೇಡಿ.

ಹಳೆ ತೋಟೆಯಲ್ಲಿ ಇನ್ನೊಂದು ಸಂಗತಿ. ಟ್ರಿಗರ್ ಎಳೆದಾಗ ಬರೀ 'ಟಿಕ್' ಎಂದರೆ ತಕ್ಷಣ ಸ್ಲೈಡ್ ಎಳೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತುವ ತೋಟೆ ಅಪರೂಪ, ಆದರೆ ಇದೆ. ಸದ್ದು ಸಪ್ಪೆಯಾಗಿ, ಒದೆತ ಇಲ್ಲದೆ ಹೋದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅಲ್ಲಿಗೇ ನಿಲ್ಲಿಸಿ, ಬಿಚ್ಚಿ ನೋಡದೆ ಮುಂದಿನದು ಹೊಡೆಯಬೇಡಿ. ಗನ್ ಒಡೆಯುವ ಭಯ ನಿಮಗಿದ್ದರೆ, ಅದು ನಿಜವಾಗುವ ದಾರಿ ಇದು: ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಗುಂಡು. ಯಾವ ಜಾತಿಯ ತೋಟೆಯಾದರೂ ಅಷ್ಟೇ.

ರೇಂಜ್‌ನವರು ಅಯಸ್ಕಾಂತ ಹಿಡಿದಿದ್ದಕ್ಕೆ ಬೇಸರ ಬೇಡ. ಅವರಿಗೆ ಬೇಕಿದ್ದ ಉತ್ತರ ಒಂದೇ: ಈ ಗುಂಡು ನಮ್ಮ ಹಿಂಬದಿಯ ಉಕ್ಕಿನ ತಡೆಯನ್ನು ಕೆಡಿಸುತ್ತದಾ, ಕಿಡಿ ಹಾರಿಸುತ್ತದಾ? ಅಯಸ್ಕಾಂತ ಹಿಡಿಯಿತು ಎಂದ ಮಾತ್ರಕ್ಕೆ ಒಳಗೆ ಉಕ್ಕಿನ ತಿರುಳಿದೆ ಎಂದಲ್ಲ. ಆ ಕಾಲದ ಬಹಳಷ್ಟು ಗುಂಡುಗಳಿಗೆ ತಾಮ್ರ ಬಳಿದ ತೆಳು ಉಕ್ಕಿನ ಕವಚ, ಒಳಗೆ ಸೀಸ. ಕವಚಕ್ಕೂ ಅಯಸ್ಕಾಂತ ಅಂಟುತ್ತದೆ. ಆದರೆ ಕೌಂಟರಿನಲ್ಲಿ ನಿಂತ ಹುಡುಗ ಗುಂಡು ಸೀಳಿ ನೋಡುತ್ತಾ ಕೂರಲು ಆಗುತ್ತದಾ? ಅಂಟಿದ್ದೆಲ್ಲ ಬೇಡ ಎನ್ನುವುದು ಅವರಿಗೆ ಸುಲಭದ ನಿಯಮ. ಮಣ್ಣಿನ ದಿಬ್ಬ ಇರುವ ಬಯಲು ರೇಂಜ್‌ಗಳಲ್ಲಿ ಇಷ್ಟು ಬಿಗಿ ಕಡಿಮೆ, ಆದರೂ ಮೊದಲೇ ಫೋನ್ ಮಾಡಿ ಕೇಳಿ. ನಿಜವಾದ ಉಕ್ಕಿನ ತಿರುಳಿನ ಪಿಸ್ತೂಲ್ ಗುಂಡಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲೇ ಬೇರೆ ಕಟ್ಟುಪಾಡುಗಳಿವೆ. ಅದಕ್ಕೇ ಡಬ್ಬಿ ಎಲ್ಲಿಂದ ಬಂದದ್ದು ಎಂದು ಅಂಗಡಿಯವರು ಬರೆದುಕೊಟ್ಟ ಬಿಲ್ ಇಟ್ಟುಕೊಳ್ಳಿ.

ಮೊದಲು ಹೇಳಿದೆನಲ್ಲ, ಯಾರೂ ಹೇಳದ ಎರಡು ವಿಷಯ ಇವೆ ಎಂದು. ಮೊದಲನೆಯದು ಸೇಫ್ಟಿ. ಟೊಕರೆವ್ ಮೂಲ ವಿನ್ಯಾಸದಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ. ಅಮೆರಿಕಕ್ಕೆ ತರಬೇಕಾದರೆ ಸೇಫ್ಟಿ ಇರಲೇಬೇಕೆಂಬ ನಿಯಮ ಇರುವುದರಿಂದ ಆಮದು ಮಾಡುವವರು ಆಮೇಲೆ ಒಂದು ಸನ್ನೆ ಜೋಡಿಸುತ್ತಾರೆ. ಕೆಲವು ಚೆನ್ನಾಗಿವೆ, ಕೆಲವು ಟ್ರಿಗರನ್ನಷ್ಟೇ ತಡೆಯುತ್ತವೆ, ಕೆಲವು ಅಲುಗಾಡುತ್ತವೆ. ಖಾಲಿ ಪಿಸ್ತೂಲಿನಲ್ಲಿ ಪರೀಕ್ಷಿಸಿ, ನಂಬಿ ಮಾತ್ರ ಕೂರಬೇಡಿ. ಹ್ಯಾಮರನ್ನು ಸ್ವಲ್ಪ ಹಿಂದೆ ಎಳೆದರೆ ಅರ್ಧಕ್ಕೆ ನಿಲ್ಲುತ್ತದೆ, ಆಗ ಸ್ಲೈಡೂ ಟ್ರಿಗರೂ ಬಿಗಿಯಾಗುತ್ತವೆ. ಹಳಬರು ಅದನ್ನೇ ಸೇಫ್ಟಿ ಎನ್ನುತ್ತಾರೆ. ಆ ಮೆಟ್ಟಿಲು ಸವೆದಿದ್ದು, ಪಿಸ್ತೂಲ್ ಹ್ಯಾಮರ್ ಮೇಲೆ ಬಿದ್ದರೆ ಹಾರುವ ಸಾಧ್ಯತೆ ಇದೆ. ಎಂ57ರಲ್ಲಿ ಮ್ಯಾಗಜಿನ್ ತೆಗೆದರೆ ಟ್ರಿಗರ್ ಕೆಲಸ ಮಾಡದ ಏರ್ಪಾಟೂ ಇದೆ. 'ಮ್ಯಾಗಜಿನ್ ತೆಗೆದಿದ್ದೇನೆ, ಇನ್ನೇನು' ಎಂಬ ಉದಾಸೀನಕ್ಕೆ ಅದೇ ದಾರಿ ಮಾಡಿಕೊಡುತ್ತದೆ. ಈ ಪಿಸ್ತೂಲಿಗೆ ಒಂದೇ ಸ್ಥಿತಿ ಸರಿ: ಹೊಡೆಯುವ ಕ್ಷಣದವರೆಗೆ ಚೇಂಬರ್ ಖಾಲಿ.

ಮನೆ ರಕ್ಷಣೆಯ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಬಂತು. ಚೇಂಬರ್ ಖಾಲಿ ಇಡಬೇಕಾದ, ಸಣ್ಣ ಸೈಟಿನ, ಕತ್ತಲಲ್ಲಿ ಕಣ್ಣು ಕುಕ್ಕುವ ಪಿಸ್ತೂಲ್ ಆ ಕೆಲಸಕ್ಕೆ ನನ್ನ ಆಯ್ಕೆ ಅಲ್ಲ. ಸಿಗುವ ತೋಟೆಗಳಲ್ಲಿ ಹೆಚ್ಚಿನವು ಗಟ್ಟಿ ಕವಚದವು, ತಗುಲಿದ ಮೇಲೂ ಮುಂದೆ ಹೋಗುತ್ತವೆ. ನಿಮ್ಮ ಮನೆಯ ಒಳಗೋಡೆ ಜಿಪ್ಸಂ ಹಲಗೆಯದು, ಆಚೆ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಯಾವ ಪಿಸ್ತೂಲ್ ಗುಂಡಾದರೂ ಆ ಹಲಗೆ ದಾಟುತ್ತದೆ ನಿಜ, ಆದರೆ ಇದು ಇನ್ನೂ ಒಂದೆರಡು ದಾಟುವ ಜಾತಿಯದು. ಈ ತೋಟೆಯ 'ಬುಲೆಟ್‌ಪ್ರೂಫ್ ತೂರುವ' ಖ್ಯಾತಿ ಬಂದದ್ದು, ನಿಧಾನದ ಪಿಸ್ತೂಲ್ ಗುಂಡಿಗೆಂದು ಮಾಡಿದ ಹಳೆಯ ಮೆತ್ತನೆ ಅಂಗಿಗಳಿಂದ. ರೈಫಲ್ ತಡೆಯುವ ಗಟ್ಟಿ ಫಲಕದ ಮುಂದೆ ಅದರ ಆಟ ನಡೆಯುವುದಿಲ್ಲ. ಮನೆಗೆ ಬೇಕೇಬೇಕು ಎಂದರೆ ಈಗಿನ 9 ಎಂಎಂ ಒಂದನ್ನು ನೋಡಿ. ಇದು ರೇಂಜ್‌ಗೆ, ಖುಷಿಗೆ, ಇತಿಹಾಸಕ್ಕೆ.

ಹಾಗಾದರೆ ಮುಂದೇನು? ಮೊದಲು ಒಂದು ಹೊಸ ರಿಕಾಯ್ಲ್ ಸ್ಪ್ರಿಂಗ್ ಹಾಕಿಸಿ. ಅರ್ಧ ಶತಮಾನ ದಾಟಿದ ಸ್ಪ್ರಿಂಗ್ ಸೋತಿರುತ್ತದೆ, ಸ್ಲೈಡ್ ಫ್ರೇಮಿಗೆ ಬಡಿಯುತ್ತಾ ಇರುತ್ತದೆ. ಬೆಲೆ ಹೆಚ್ಚಿಲ್ಲ. ಆಮೇಲೆ ಹೊಸ ತೋಟೆ. ಸರ್ಬಿಯಾದ ಪ್ರ್ವಿ ಪಾರ್ಟಿಝಾನ್, ಝೆಕ್‌ನ ಸೆಲಿಯೆ ಆ್ಯಂಡ್ ಬೆಲ್ಲೊ ಎರಡೂ ಮಾಡುತ್ತವೆ. ಹಿತ್ತಾಳೆ ಕೇಸು, ಉಪ್ಪಿನ ಕಾಟ ಇಲ್ಲ. 9 ಎಂಎಂಗಿಂತ ದುಬಾರಿ. ಒಂದು ಕಾಲದಲ್ಲಿ ಈ ಹಳೆ ತೋಟೆ ಕಡಲೆಕಾಯಿ ಬೆಲೆಗೆ ಸಿಗುತ್ತಿತ್ತು, ಆ ಕಾಲ ಹೋಯಿತು. ನಿಮ್ಮ ಡಬ್ಬಿಯನ್ನು ಮಾತ್ರ ನಾನಾಗಿದ್ದರೆ ಸದ್ಯ ತೆರೆಯುತ್ತಿರಲಿಲ್ಲ. ಸೀಲ್ ಇದ್ದಷ್ಟು ದಿನ ಒಳಗಿನದು ಚೆನ್ನಾಗಿರುತ್ತದೆ, ತೆರೆದ ಮೇಲೆ ಗಾಳಿ ಹೊಕ್ಕುತ್ತದೆ. ಗೆಳೆಯನ ಸಿಝಡ್ 52ಕ್ಕೆ ಕೊಡುವುದಂತೂ ಬೇಡ.

ಯಾರೂ ಹೇಳದ ಎರಡನೆಯ ವಿಷಯ ಪಿಸ್ತೂಲಿನದಲ್ಲ, ನಿಮ್ಮ ಭಾವಮೈದುನನದು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಗನ್ ಅಥವಾ ತೋಟೆ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಗ್ರೀನ್ ಕಾರ್ಡ್ ಇರುವ ನಿಮಗೆ ಆ ತಡೆ ಇಲ್ಲ. 'ರೇಂಜ್‌ನಲ್ಲಿ ಹತ್ತು ನಿಮಿಷ ಕೈಯಲ್ಲಿ ಹಿಡಿದರೆ ಹೊಂದಿದಂತಾ?' ಎಂದು ಕೇಳಬಹುದು. ಹೊಂದಿದಂತೆಯೇ ಎಂದು ಎಣಿಸಬಹುದು, ಅವನ ವೀಸಾ ಪಣಕ್ಕಿಟ್ಟು ಪರೀಕ್ಷಿಸುವ ಸಂಗತಿಯಲ್ಲ. ಕಾನೂನಿನಲ್ಲೇ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅದರಲ್ಲೊಂದು. ಎಚ್-1ಬಿಯಲ್ಲಿರುವ ನಮ್ಮವರು ಹಲವರು ಹಾಗೇ ಮಾಡುತ್ತಾರೆ. ಆದರೂ ಮೊದಲು ವಲಸೆ ವಕೀಲರನ್ನು ಒಂದು ಮಾತು ಕೇಳಲಿ, ರೇಂಜ್ ಆಮೇಲೆ.

ಡಿಸೆಂಬರ್ ಪ್ರಯಾಣಕ್ಕೂ ಒಂದು ಮಾತು. ರೇಂಜ್‌ಗೆ ಒಯ್ದ ಬ್ಯಾಗನ್ನು ಊರಿಗೆ ಒಯ್ಯಬೇಡಿ. ಬೇರೆ ಬ್ಯಾಗ್ ಇಲ್ಲವಾದರೆ ಒಳಗಿನ ಪ್ರತಿ ಜೇಬನ್ನೂ ಮಗುಚಿ, ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸಿ. ಮರೆತು ಉಳಿದ ಒಂದೇ ಒಂದು ಜೀವಂತ ತೋಟೆ ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಅಡಿ ಎಫ್‌ಐಆರ್ ಆಗುತ್ತದೆ. ಅನಿವಾಸಿಗಳು ಹೀಗೆ ಸಿಕ್ಕಿಕೊಂಡ ಪ್ರಕರಣಗಳು ಹಲವಿವೆ. ಗೊತ್ತಿಲ್ಲದೆ ಉಳಿದದ್ದು, ಉದ್ದೇಶ ಇರಲಿಲ್ಲ ಎಂದು ಹೈಕೋರ್ಟುಗಳು ಕೇಸು ರದ್ದು ಮಾಡಿದ್ದುಂಟು. ಆದರೆ ಅಲ್ಲಿಯವರೆಗೆ ಪಾಸ್‌ಪೋರ್ಟ್, ರಜೆ, ಕೆಲಸ ಎಲ್ಲ ತೂಗಾಡುತ್ತವೆ. ಅದರಲ್ಲೂ ನಿಮ್ಮದು ಯಾವ ತೋಟೆ? ಪಂಜಾಬ್ ಗಡಿಯಲ್ಲಿ '.30 ಬೋರ್ ಪಿಸ್ತೂಲ್ ವಶ' ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಸಾಮಾನ್ಯವಾಗಿ ಅದು ಇದೇ ಟೊಕರೆವ್ ತೋಟೆಯ ಪಿಸ್ತೂಲ್. ಅಲ್ಲಿನ ಅಧಿಕಾರಿಗೆ 'ರೇಂಜ್‌ನಲ್ಲಿ ಆಡಲು ಇಟ್ಟುಕೊಂಡಿದ್ದೆ' ಎಂದು ವಿವರಿಸುವುದು ಸುಲಭದ ಕೆಲಸವಲ್ಲ. ಖಾಲಿ ಕೇಸನ್ನೂ ಚಿಕ್ಕಪ್ಪನಿಗೆ ತೋರಿಸಲೆಂದು ಒಯ್ಯಬೇಡಿ, ಫೋಟೊ ತೋರಿಸಿ.